ಅಳೆಯದ ಜಾಗಕ್ಕೆ ಬರೆದ ಅಂಕಿ

ರಾಯದುರ್ಗ,
ಗುರುವಾರ, 7 ಆಗಸ್ಟ್ 2025

ಮುದ್ದು ಮೊಮ್ಮಗಳು ರೇಖಾಗೆ, ಅಜ್ಜಿ ಪಂಪಮ್ಮನ ತುಂಬು ಹೃದಯದ ಆಶೀರ್ವಾದಗಳು.

ಹೊಟ್ಟೆ ತೊಳಸುವುದು ನಿಂತಿತೇ? ಹಡಗು ಹತ್ತಿದ ಮೊದಲ ವಾರ ಗಂಜಿ ಕೂಡ ನಿಲ್ಲುತ್ತಿಲ್ಲ ಎಂದು ನೀನು ಬರೆದದ್ದನ್ನು ಪಕ್ಕದ ಮನೆಯ ಭವ್ಯಾ ಓದಿ ಹೇಳಿದಾಗಿನಿಂದ ನನಗೆ ಇಲ್ಲಿ ಗಟ್ಟಿ ನೆಲದ ಮೇಲೇ ತಲೆ ತಿರುಗುತ್ತಿದೆ. ಒಣಶುಂಠಿ, ಬೆಲ್ಲ ಕುಟ್ಟಿ ಕಟ್ಟಿದ ಉಂಡೆಗಳನ್ನು ನಿನ್ನ ಚೀಲದ ಬದಿಯ ಜೇಬಿಗೆ ನಾನೇ ತುರುಕಿದ್ದೆ. ಅವು ಕೈಗೆ ಸಿಕ್ಕವೋ, ಇಲ್ಲ ಇನ್ನೂ ಅಲ್ಲೇ ಕರಗುತ್ತ ಕೂತಿವೆಯೋ ನೋಡು. ಶೇಂಗಾ ಪುಡಿಯನ್ನಂತೂ ಮೊದಲ ದಿನವೇ ಹಡಗಿನವರಿಗೆಲ್ಲ ಹಂಚಿ ಡಬ್ಬಿ ತೊಳೆದಿಟ್ಟಿರುತ್ತೀಯ, ನಿನ್ನ ಕೈ ನನಗೆ ಗೊತ್ತು. ಇಲ್ಲಿ ಎಲ್ಲರೂ ಆರೋಗ್ಯ. ನನ್ನ ಮೊಣಕಾಲು ಅದರ ಪಾಡಿಗೆ ಅದಿದೆ, ನಾನು ನನ್ನ ಪಾಡಿಗೆ ಇದ್ದೇನೆ. ನಿಮ್ಮಪ್ಪ ಅಂಗಡಿಯಲ್ಲಿ ಜಿಪ್ಪು, ಗುಂಡಿ, ದಾರದ ರಾಶಿಯಲ್ಲಿ ಮುಳುಗಿದ್ದಾನೆ; ದಸರೆಗೆಂದು ಜೀನ್ಸ್ ಹೊಲಿಯುವವರೆಲ್ಲ ಈಗಲೇ ಬಂದು ಮುತ್ತಿಕೊಂಡಿದ್ದಾರೆ. ಹಡಗಿಗೆ ಫೋನು ಸಿಗುವುದಿಲ್ಲ, ಮೇಲ್ ಮಾತ್ರ ಹೋಗುತ್ತದೆ ಎಂದು ನೀನು ಹೇಳಿದ್ದರಿಂದ ಈ ಹಾಳೆಗಳನ್ನು ಭವ್ಯಾ ತನ್ನ ನೆಟ್ ಸೆಂಟರಿನಲ್ಲಿ ಫೋಟೊ ತೆಗೆದು ಕಳಿಸುತ್ತಾಳೆ. ಅವಳು ಓದುವುದಿಲ್ಲ ಎಂದು ಆಣೆ ಮಾಡಿದ್ದಾಳೆ. ಓದಿದರೆ ಓದಲಿ, ಆ ಮಗುವಿಗೂ ನಾಳೆ ಉಪಯೋಗಕ್ಕೆ ಬರುತ್ತದೆ.

ಸುದ್ದಿ ಒಂದೇ. ಆದರೆ ಅದು ನನ್ನ ತಲೆಯಲ್ಲಿ ಸಿಕ್ಕುಗಟ್ಟಿ ಕೂತಿದೆ, ನಿಮ್ಮಪ್ಪನ ಅಂಗಡಿಗೆ ಬೆಕ್ಕು ಹೊಕ್ಕು ಹೋದ ಮೇಲಿನ ದಾರದ ಹಾಗೆ. ಮೊದಲು ನನಗೆ ಖಚಿತವಾಗಿ ಗೊತ್ತಿರುವುದನ್ನು ಬರೆದುಬಿಡುತ್ತೇನೆ. ಯುಗಾದಿಯ ಹೊತ್ತಿಗೆ ನಿನ್ನನ್ನು ನೋಡಿ ಹೋದನಲ್ಲ, ಮಡಕಶಿರಾದ ಕರೆಂಟ್ ಆಫೀಸಿನ ಹುಡುಗ ವಾಗೀಶ್, ಅವನ ತಂದೆ ಬೊಮ್ಮಪ್ಪನವರು ಹೋದ ಭಾನುವಾರ ಹೆಂಡತಿಯನ್ನು ಕರೆದುಕೊಂಡು ನಮ್ಮನೆಗೆ ಬಂದಿದ್ದರು. ಬರುವ ಶ್ರಾವಣ ಸೋಮವಾರ ವೀಳ್ಯ ತರುವುದೆಂದು ಅಂದೇ ಮಾತಾಯಿತು. ವೀಳ್ಯ ಕೈ ಬದಲಾದರೆ ಮಾತು ಗಟ್ಟಿಯಾದಂತೆ, ಆಮೇಲೆ ಯಾರು ಹಿಂದೆ ಸರಿದರೂ ಎರಡು ಮನೆಯವರೂ ಮುಖ ತೋರಿಸುವ ಹಾಗಿಲ್ಲ, ಇದು ನಿನಗೂ ಗೊತ್ತು. ಮದುವೆಯಾದ ಮೇಲೆ ನೀನು ಹಡಗು, ಸಮುದ್ರ, ನಕ್ಷೆ ಎಲ್ಲ ಬಿಟ್ಟುಬಿಡುತ್ತೀಯ ಎಂದು ನಿಮ್ಮಪ್ಪ ಅವರಿಗೆ ಮಾತು ಕೊಟ್ಟಿದ್ದಾನೆ. ಇಷ್ಟು ಖಚಿತ. ಕೆಲಸ ಬಿಡಬೇಕೆಂದು ಕೇಳಿದವರು ಯಾರು, ನೀನು ಒಪ್ಪಿದ್ದು ಯಾವಾಗ, ಇದರಲ್ಲಿ ನನ್ನ ಬಾಯಿಯ ಪಾಲೆಷ್ಟು ಎಂಬುದೊಂದೂ ನನಗೆ ತಿಳಿಯುತ್ತಿಲ್ಲ.

ನನ್ನ ಬಾಯಿಯ ಪಾಲು ಇದೆ, ಅದಂತೂ ನಿಜ. ಆ ದಿನ ಉಪ್ಪಿಟ್ಟು, ಚಹಾ ಆಗುತ್ತಿದ್ದಾಗ ಬೊಮ್ಮಪ್ಪನವರು ಹುಡುಗಿಯ ಕೆಲಸ ಏನೆಂದು ಕೇಳಿದರು. ಹಡಗಿನಲ್ಲಿ ಇದ್ದಾಳೆ ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಮೀನು ಹಿಡಿಯುವ ಇಲಾಖೆಯೋ ಏನೋ ಎಂದುಕೊಂಡಿದ್ದರಂತೆ. ನಿಮ್ಮಪ್ಪ ನಿಮ್ಮಮ್ಮನನ್ನು ನೋಡಿದ, ನಿಮ್ಮಮ್ಮ ನನ್ನನ್ನು ನೋಡಿದಳು. ಆಯುಷ್ಯವಿಡೀ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳು ನಾನು, ಅದೂ ಅಲ್ಲದೆ ಯುಗಾದಿಯ ಮರುದಿನ ನೀನು ಜಗುಲಿಯಲ್ಲಿ ಕೂತು ಎಲ್ಲವನ್ನೂ ನನಗೆ ಬಿಡಿಸಿ ಹೇಳಿದ್ದೆಯಲ್ಲ. ಆಳೆತ್ತರದ ಕೊಳವೆಗಳನ್ನು ಸಮುದ್ರಕ್ಕೆ ಬಿಡುತ್ತೀರಿ, ಅವು ಕತ್ತಲ ಆಳಕ್ಕೆ ಇಳಿದು, ದಿನಗಟ್ಟಲೆ ಅಲ್ಲೇ ತೇಲಿಕೊಂಡಿದ್ದು, ಮೇಲೆ ಬರುವಾಗ ದಾರಿಯುದ್ದಕ್ಕೂ ನೀರಿನ ಬಿಸಿ ಅಳೆದು ಉಪಗ್ರಹಕ್ಕೆ ಹೇಳಿ ಮತ್ತೆ ಮುಳುಗುತ್ತವೆ. ಆದರೆ ಸಮುದ್ರ ದೊಡ್ಡದು, ಕೊಳವೆಗಳು ಕಡಿಮೆ. ರಾಯದುರ್ಗದಲ್ಲಿ ಒಂದಿದ್ದರೆ ಇನ್ನೊಂದು ಮಡಕಶಿರಾದ ಆಚೆ ಎಲ್ಲೋ. ಉಪಗ್ರಹ ಎಲ್ಲ ಕಡೆ ನೋಡುತ್ತದೆ, ಆದರೆ ನೀರಿನ ಮೇಲ್ಮೈ ಮಾತ್ರ, ಅದೂ ಮಳೆಗಾಲದಲ್ಲಿ ಮೋಡ ಅಡ್ಡ ಬಂದರೆ ಅದರ ಕಣ್ಣಿಗೂ ಬಟ್ಟೆ ಕಟ್ಟಿದಂತೆ. ಉಳಿದ ಜಾಗಕ್ಕೆಲ್ಲ ಗಾಳಿ ಹೀಗಿದೆ, ಬಿಸಿಲು ಇಷ್ಟಿದೆ, ನೀರಿನ ಹರಿವು ಹಾಗಿದೆ, ಆದ್ದರಿಂದ ಇಲ್ಲಿ ಬಿಸಿ ಇಷ್ಟಿರಬೇಕು ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಲೆಕ್ಕವನ್ನು ಅದರ ಪಾಡಿಗೆ ಬಿಟ್ಟರೆ ದಾರಿ ತಪ್ಪುತ್ತದೆ, ಅಳತೆಯಲ್ಲೂ ಒಂದಿಷ್ಟು ತಪ್ಪಿರುತ್ತದೆ. ಅದಕ್ಕೇ ಎರಡನ್ನೂ ಎದುರಿಗಿಟ್ಟುಕೊಂಡು, ಯಾವುದನ್ನು ಎಷ್ಟು ನಂಬಬಹುದೋ ಅಷ್ಟೇ ನಂಬಿ, ಸೇರಿಸಿ ನಕ್ಷೆ ಮಾಡುವುದು ನಿನ್ನ ಕೆಲಸ. ಹೀಗಲ್ಲವೇ ನೀನು ಹೇಳಿದ್ದು?

ಅಂದು ಜಗುಲಿಯಲ್ಲಿ ನನಗೆ ಅರ್ಥವಾಗಲಿಲ್ಲ ಎಂದಾಗ ನೀನು ಗುಮ್ಮಘಟ್ಟದ ಮಳೆಮಾಪಕದ ಉದಾಹರಣೆ ಕೊಟ್ಟೆ. ಮಾಪಕ ಇರುವುದು ಗುಮ್ಮಘಟ್ಟದಲ್ಲಿ, ನನ್ನ ತವರಿನ ಹೊಲ ಇರುವುದು ಕೆರೆಯ ಆಚೆ. ಮಾಪಕದಲ್ಲಿ ಮಳೆ ಬಿದ್ದಿರುತ್ತದೆ, ನಮ್ಮ ಹೊಲದಲ್ಲಿ ಧೂಳು ಏಳುತ್ತಿರುತ್ತದೆ. ಕುರಿ ಕಾಯುವ ತಿಪ್ಪಯ್ಯ ಬಂದು ಮೋಡ ರಸ್ತೆಯ ಈಚೆಗೆ ದಾಟಲೇ ಇಲ್ಲ ಎನ್ನುತ್ತಾನೆ. ಮಾಪಕವೂ ಸುಳ್ಳಲ್ಲ, ತಿಪ್ಪಯ್ಯನೂ ಸುಳ್ಳಲ್ಲ, ಗಾಳಿ ಯಾವ ಕಡೆಗಿತ್ತು ಎಂದು ತಿಳಿದವರು ಇಬ್ಬರ ಮಾತನ್ನೂ ಸೇರಿಸಿದರೆ ನಿನ್ನ ಹೊಲದ ಮಳೆ ಸಿಗುತ್ತದೆ ಅಜ್ಜಿ, ಎಂದೆ. ಆಗ ನನಗೆ ತಿಳಿದಂತಾಯಿತು. ತಿಳಿದಂತಾಗುವುದೇ ದೊಡ್ಡ ಅಪಾಯ ನೋಡು.

ಯಾಕೆಂದರೆ ಬೊಮ್ಮಪ್ಪನವರ ಮುಂದೆ ನಾನು ಇದನ್ನೆಲ್ಲ ಬಿಟ್ಟು, ಹೆಮ್ಮೆಯಿಂದ ಬೀಗುತ್ತ, ನಮ್ಮ ಹುಡುಗಿ ಯಾರೂ ಅಳೆಯದ ಜಾಗಕ್ಕೂ ಅಂಕಿ ಬರೆಯುತ್ತಾಳೆ ಎಂದುಬಿಟ್ಟೆ. ಅವರು ಚಹಾದ ಲೋಟ ಕೆಳಗಿಟ್ಟರು. ಬದುಕೆಲ್ಲ ಸರ್ವೇ ಕೆಲಸ ಮಾಡಿ, ಸರಪಳಿ ಹಿಡಿದು ಹೊಲ ಹೊಲ ಅಳೆದು ನಿವೃತ್ತರಾದ ಮನುಷ್ಯ ಅವರು, ನನಗೆ ಅದು ಮೊದಲು ಗೊತ್ತಿರಲಿಲ್ಲ. “ಅಲ್ಲ ಕಣ್ರಮ್ಮ, ಹೋಗ್ದೇ ಇರೋ ಜಾಗಕ್ಕೆ ಅಂಕಿ ಬರೆಯೋದು ಅಂದ್ರೆ ಏನು? ನಾವು ಹಂಗೆ ಬರೆದಿದ್ರೆ ಮನೇಗ್ ಕಳಿಸೋರು” ಎಂದರು. ಜೋರಾಗಿ ಹೇಳಲಿಲ್ಲ, ಬೇಸರದಿಂದ ಹೇಳಿದರು, ಅದು ಇನ್ನೂ ಕಷ್ಟವಾಯಿತು. ನಾನು ಅಂದಾಜು ಎಂದೆ, ಅವರ ಹುಬ್ಬು ಮೇಲೆ ಹೋಯಿತು. ಸುಮ್ಮನೆ ಅಂದಾಜಲ್ಲ, ಕಂಪ್ಯೂಟರಿನ ಅಂದಾಜು ಎಂದೆ, ಹುಬ್ಬು ಇಳಿಯಲೇ ಇಲ್ಲ. ಗುಮ್ಮಘಟ್ಟ, ಮಾಪಕ, ತಿಪ್ಪಯ್ಯನ ಕುರಿ ಎಲ್ಲ ಎಳೆದು ತಂದೆ. ಕೊನೆಗೆ ಬೊಮ್ಮಪ್ಪನವರ ಹೆಂಡತಿ, ಹುಡುಗಿ ಕುರಿ ಲೆಕ್ಕಾನೂ ಬರೀತಾಳಾ ಎಂದು ಮೆಲ್ಲಗೆ ಕೇಳಿದರು. ಪಾಠ ಹೇಳುವಾಗ ಮಕ್ಕಳು ಮಿಕಮಿಕ ನೋಡಿದರೆ ತಪ್ಪು ಮಕ್ಕಳದ್ದಲ್ಲ ಎಂದು ನಾನೇ ಹೊಸ ಟೀಚರುಗಳಿಗೆ ಹೇಳುತ್ತಿದ್ದೆ.

ಆಗ ನಿಮ್ಮಪ್ಪ ಬಾಯಿ ಹಾಕಿದ. ನನ್ನ ಮಗ ಸಣ್ಣಬಸಪ್ಪ ಕೆಟ್ಟವನಲ್ಲ ರೇಖಾ, ಅದು ನಿನಗೂ ಗೊತ್ತು. ಆದರೆ ಎದುರಿಗಿರುವವರ ಮುಖ ಸ್ವಲ್ಪ ಬಾಡಿದರೂ ಅವನಿಗೆ ತಡೆದುಕೊಳ್ಳಲಾಗುವುದಿಲ್ಲ. ಗಿರಾಕಿ ಜಿಪ್ಪಿನ ಬಣ್ಣ ನೋಡಿ ಮೂಗು ಮುರಿದರೆ ಬೇರೆ ಡಬ್ಬಿ ಇಳಿಸುವವನು. ಹಾಗೇ ಇಳಿಸಿದ. “ಮದಿವಿ ಆದಮ್ಯಾಲ ಆ ಕೆಲ್ಸ ಬಿಡಸ್ತೀವ್ರಿ, ನೀವ್ಯಾಕ ಚಿಂತಿ ಮಾಡ್ತೀರಿ” ಎಂದ. ನಿಮ್ಮಮ್ಮನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಬೊಮ್ಮಪ್ಪನವರು ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ, ಲೋಟ ಮತ್ತೆ ಎತ್ತಿಕೊಂಡರು. ಅದನ್ನೇ ನಿಮ್ಮಪ್ಪ ಒಪ್ಪಿಗೆ ಎಂದುಕೊಂಡ. ಸೋಮವಾರದ ಮಾತು ಆಮೇಲೆ ಬಂತು.

ಅವರು ಹೋದ ಮೇಲೆ ನಾನು ನಿಮ್ಮಪ್ಪನನ್ನು ಕೂರಿಸಿಕೊಂಡು ಹುಡುಗಿ ಒಪ್ಪಿದ್ದಾಳೇನೋ ಎಂದು ಕೇಳಿದೆ. ಒಪ್ಪದೆ ಏನು ಎಂದ. ಯಾವಾಗ ಒಪ್ಪಿದಳು ಎಂದೆ. ಹುಡುಗ ನೋಡಿ ಹೋದ ದಿನ ನೋಡೋಣ ಎಂದಿದ್ದೆಯಂತೆ. ನೀನು ಹಡಗು ಹತ್ತಿದ ಮೇಲೆ, ಊರಿಗೆ ಬಂದಾಗ ಒಂದು ಒಳ್ಳೆ ಸುದ್ದಿ ಹೇಳುತ್ತೇನೆ ಎಂದು ಅವನು ಬರೆದದ್ದಕ್ಕೆ ಸರಿ ಅಪ್ಪ ಎಂದು ಉತ್ತರ ಕೊಟ್ಟೆಯಂತೆ. ಅಷ್ಟೇನಾ ಎಂದು ಕೇಳಿದರೆ ನಿಮ್ಮಮ್ಮ ಅಡುಗೆಮನೆಯಿಂದ, ಹುಡುಗ ನೋಡಿ ಹೋದ ಮೇಲೆ ರೇಖಾ ಹಾಡು ಗುನುಗುತ್ತ ಪಾತ್ರೆ ಒರೆಸಿಟ್ಟಳು ಎಂದು ಸೇರಿಸಿದಳು. ನೀನು ಪರೀಕ್ಷೆಯಲ್ಲಿ ಫೇಲಾದ ದಿನವೂ ಗುನುಗಿದ್ದನ್ನು ನಾನು ಕಂಡಿದ್ದೇನೆ. ಹೀಗೆ ಇಬ್ಬರೂ ಸೇರಿ ಒಂದು ನೋಡೋಣ, ಒಂದು ಸರಿ, ಒಂದು ಗುನುಗಿನಿಂದ ನಿನ್ನ ಮನಸ್ಸನ್ನು ಉದ್ದಗಲಕ್ಕೂ ಬಣ್ಣ ಹಚ್ಚಿ ಮುಗಿಸಿದ್ದಾರೆ. ನನಗೆ ಸಿಟ್ಟು ಬಂತು. ಆದರೆ ಅವರು ಹೇಳುವುದು ನಿಜವೇ ಇದ್ದರೂ ಇರಬಹುದಲ್ಲ? ನೀನು ನನಗೂ ಏನೂ ಹೇಳಿಲ್ಲ.

ಮಂಗಳವಾರ ನಾನು ಮಡಕಶಿರಾಕ್ಕೆ ಹೋಗಿ ಬಂದೆ. ಮನೆಯಲ್ಲಿ ಹೇಳಿದ್ದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಂಬಮ್ಮ ಟೀಚರಿಗೆ ಹುಷಾರಿಲ್ಲ, ನೋಡಿ ಬರುತ್ತೇನೆ ಎಂದು. ಅಂಬಮ್ಮ ನನಗಿಂತ ಗಟ್ಟಿಮುಟ್ಟಾಗಿದ್ದಾಳೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಹೋಗುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಜಿಲ್ಲೆ ಒಡೆದು ಆ ಊರು ಬೇರೆ ಜಿಲ್ಲೆಗೆ ಹೋದ ಮೇಲೆ ಇನ್ನೂ ದೂರವಾಗಿದೆಯೋ ಏನೋ. ಹೆಣ್ಣಿನ ಕಡೆಯವರು ಹುಡುಗನ ಊರಿಗೆ ಹೋಗಿ ನಾಲ್ಕು ಕಡೆ ವಿಚಾರಿಸುವುದು ನಮ್ಮಲ್ಲಿ ಇದ್ದದ್ದೇ, ನಿಮ್ಮಪ್ಪ ಮಾಡಬೇಕಿತ್ತು, ಮಾಡಲಿಲ್ಲ. ನಾನು ವಿಚಾರಿಸಿದೆ. ಹುಡುಗ ಬಾಯಿಯೇ ಬಿಡುವುದಿಲ್ಲ, ಬಂಗಾರದಂಥವನು ಎಂದಳು ಅಂಬಮ್ಮ. ಅವರ ಬೀದಿಯ ಕಿರಾಣಿ ಅಂಗಡಿಯವನು, ಬಾಯಿ ಜೋರು, ಫೋನಿನಲ್ಲಿ ಯಾವಾಗಲೂ ಕಿರುಚುತ್ತಿರುತ್ತಾನೆ ಎಂದ. ಕರೆಂಟು ಹೋದಾಗ ಊರೆಲ್ಲ ಅವನ ಮೇಲೆ ಕಿರುಚುತ್ತದೆ, ಅವನು ಕಿರುಚಿದ್ದನ್ನು ನಾವು ಕಂಡಿಲ್ಲ ಎಂದಳು ಹೂವಿನವಳು. ಜಿಪುಣ ಎಂದರು ಒಬ್ಬರು, ಬೀದಿ ನಾಯಿಗಳಿಗೆಲ್ಲ ಬಿಸ್ಕತ್ತು ಹಾಕಿ ಹಾಳು ಮಾಡಿದ್ದಾನೆ ಎಂದರು ಇನ್ನೊಬ್ಬರು. ನೀನು ಹೇಳಿಕೊಟ್ಟ ಹಾಗೆ ಯಾರ ಮಾತನ್ನು ಎಷ್ಟು ನಂಬುವುದು ಎಂದು ತೂಗಲು ಹೋದೆ. ಅಂಬಮ್ಮ ಎಲ್ಲರನ್ನೂ ಬಂಗಾರ ಎನ್ನುವವಳು, ಅವಳ ಮಾತನ್ನು ಅರ್ಧಕ್ಕಿಳಿಸಿದೆ. ಅಂಗಡಿಯವನಿಗೆ ಕರೆಂಟ್ ಬಿಲ್ಲಿನ ಸಿಟ್ಟಿರಬಹುದು ಎಂದು ಅವನದ್ದನ್ನೂ ಇಳಿಸಿದೆ. ಇಳಿಸುತ್ತ ಇಳಿಸುತ್ತ ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ನಾಯಿಗೆ ಬಿಸ್ಕತ್ತು ಹಾಕುವ ಒಂದು ಕೈ ಮಾತ್ರ. ಮುಖ ಮೂಡಲಿಲ್ಲ.

ಸಣ್ಣ ಊರು, ಸುದ್ದಿ ನನಗಿಂತ ಮುಂದೆ ಓಡಿತ್ತು. ನಾನು ಹೊರಡುವ ಹೊತ್ತಿಗೆ ವಾಗೀಶನೇ ಅಂಬಮ್ಮನ ಬಾಗಿಲಲ್ಲಿ ನಿಂತಿದ್ದ, ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆ ಬನ್ನಿ ಎಂದು. ಕಳ್ಳಿ ಸಿಕ್ಕಿಬಿದ್ದ ಹಾಗಾಯಿತು. ಅವನ ಬೈಕಿನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತು ಹೋದೆ, ಇದನ್ನು ನಿಮ್ಮಮ್ಮನಿಗೆ ಹೇಳಬೇಡ. ಬಸ್ಸು ಬರುವ ತನಕ ಅವನು ಪಕ್ಕದಲ್ಲೇ ನಿಂತಿದ್ದ. ಮೊದಲು ಬಾಯೇ ಬಿಡಲಿಲ್ಲ, ಅಂಬಮ್ಮನ ಮಾತಿಗೆ ಇಳಿಸಿದ್ದ ಅರ್ಧವನ್ನು ಮತ್ತೆ ಸೇರಿಸಿದೆ. ಆಮೇಲೆ ಕೇಳಿದ. “ಕೆಲ್ಸ ಬಿಡ್ಬೇಕು ಅಂತ ನಾನೆಲ್ಲಿ ಕೇಳ್ದೆ ಅಜ್ಜಿ? ಅವ್ರೇ ಬಿಡ್ತೀನಿ ಅಂದವ್ರೆ ಅಂತ ನಮ್ಮಪ್ಪ ಹೇಳಿದ್ರು. ಅವ್ರು ಅಂದಿಲ್ವಾ?” ನನಗೂ ಗೊತ್ತಿಲ್ಲಪ್ಪ ಎಂದೆ. ಅವನು ತಲೆಯಾಡಿಸಿ, ತನಗೂ ಏನೂ ಅರ್ಥವಾಗುತ್ತಿಲ್ಲ ಎಂದ. ಬಸ್ಸು ಬಂದ ಮೇಲೆ ಕಿಟಕಿಯ ಹತ್ತಿರ ಬಂದು ಇನ್ನೊಂದು ಮಾತು ಕೇಳಿದ: ಅಳೆಯದ ಜಾಗಕ್ಕೆ ಅಂಕಿ ಹಾಕುತ್ತಾರಂತಲ್ಲ, ಅದು ತಪ್ಪಾಗಿದ್ದರೆ ಅವರಿಗೆ ಹೇಗೆ ಗೊತ್ತಾಗುತ್ತದೆ? ಅವನು ಕುಹಕಕ್ಕೆ ಕೇಳಲಿಲ್ಲ, ತಿಳಿಯಬೇಕೆಂದೇ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು.

ದಾರಿಯಲ್ಲಿ, ಕಲ್ಯಾಣದುರ್ಗದ ಹತ್ತಿರ ಎಲ್ಲೋ, ನನಗೆ ನೆನಪಾಯಿತು. ಯುಗಾದಿಯ ಮರುದಿನ ಹೋಳಿಗೆ ತಿಂದು ನನಗೆ ಜೊಂಪು ಹತ್ತಿದ್ದಾಗ ನೀನು ಇನ್ನೂ ಏನೋ ಹೇಳುತ್ತಿದ್ದೆ. ಒಂದು ನಕ್ಷೆ ಮಾಡಿದರೆ ಅದರ ಜೊತೆಗೆ ಇನ್ನೊಂದು ನಕ್ಷೆಯನ್ನೂ ಮಾಡುತ್ತೇವೆ ಅಜ್ಜಿ, ನಾವು ಎಲ್ಲಿ ಎಷ್ಟು ತಪ್ಪಿರಬಹುದು ಎಂದು ತೋರಿಸುವ ನಕ್ಷೆ. ಕೊಳವೆ ಇಲ್ಲದ ಕಡೆ ಅದು ಕೆಂಪಗಿರುತ್ತದೆ. ಅದಿಲ್ಲದೆ ಮೊದಲನೆಯದನ್ನು ನಾನಂತೂ ಯಾರ ಕೈಗೂ ಕೊಡುವುದಿಲ್ಲ, ಎಂದಿದ್ದೆ. ನಾನು ಹೂಂ ಎಂದು ನಿದ್ದೆ ಹೋದೆ. ಬೊಮ್ಮಪ್ಪನವರಿಗೆ ಹೇಳಬೇಕಿದ್ದದ್ದು ಅದೊಂದೇ ಮಾತು, ಅದನ್ನೇ ಬಿಟ್ಟು ಕುರಿಯ ಕಥೆ ಹೇಳಿದೆ. ನಿನ್ನೆ ಬೆಳಿಗ್ಗೆ ಅವರಿಗೆ ಫೋನು ಮಾಡಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ನಾವೂ ಸುತ್ತಳತೆ ಮುಗಿಸಿದ್ಮೇಲೆ ಎಷ್ಟು ತಪ್ಪು ಉಳೀತು ಅಂತ ಕೊನೇಗೆ ಬರೀತಿದ್ವಿ ಕಣ್ರಮ್ಮ. ಅದನ್ನ ಬರೀತಾಳೆ ಅಂದ್ರೆ ಸರಿ ಬಿಡಿ” ಎಂದರು. ಹಾಗಾದರೆ ಇಡೀ ಗೊಂದಲ ನನ್ನ ಒಂದು ಜೊಂಪಿನಿಂದ ಆದದ್ದೇ? ಅಷ್ಟೇ ಆಗಿದ್ದರೆ ಈಗ ಬಗೆಹರಿಯಬೇಕಿತ್ತು. ನಿಮ್ಮಪ್ಪನ ಮಾತು ಹಾಗೇ ಇದೆ, ಅವನ ಮಟ್ಟಿಗೆ ಸೋಮವಾರವೂ ಹಾಗೇ ಇದೆ, ಹಾಲ್‌ನಲ್ಲಿ ಹಾಸಲು ಹೊಸ ಜಮಖಾನೆ ಬೇರೆ ತಂದಿಟ್ಟಿದ್ದಾನೆ.

ಒಂದು ಮಾತು ಹೇಳಿಬಿಡುತ್ತೇನೆ. ನಾನು ಸಮುದ್ರ ನೋಡಿಲ್ಲ. ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ. ನೀರೆಂದರೆ ನಮಗೆ ಕೊಡ, ಬಾವಿ, ಮಳೆ ಬಂದರೆ ಕೆರೆ. ಅಷ್ಟು ನೀರಿನ ಮೇಲೆ ನಮ್ಮ ಹುಡುಗಿ ಹಗ್ಗ ಹಿಡಿದು ನಿಂತಿದ್ದಾಳೆ ಎಂದುಕೊಂಡರೆ ಹೆದರಿಕೆಯೂ ಆಗುತ್ತದೆ, ಎದೆಯೂ ಉಬ್ಬುತ್ತದೆ, ಯಾವುದು ಎಷ್ಟು ಎಂದು ನನಗೇ ಗೊತ್ತಾಗುವುದಿಲ್ಲ. ಚೆನ್ನಾಗಿ ಊಟ ಮಾಡು. ಗಾಳಿಗೆ ಕಿವಿಗೆ ಬಟ್ಟೆ ಕಟ್ಟಿಕೋ. ನಿನ್ನ ಜೊತೆಯವರಿಗೆಲ್ಲ ರಾಯದುರ್ಗದ ಅಜ್ಜಿ ಕೇಳಿದಳೆಂದು ಹೇಳು. ಆ ಶಿವ ನಿನ್ನನ್ನು ಕಾಯಲಿ, ನೀನು ಬಿಟ್ಟ ಕೊಳವೆಗಳನ್ನೂ ಕಾಯಲಿ.

ನಿನ್ನ ಪ್ರೀತಿಯ ಅಜ್ಜಿ,
ಪಂಪಮ್ಮ

ಮರೆತಿದ್ದೆ, ಭವ್ಯಾ ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬರೆಯುತ್ತೇನೆ: ನಿನ್ನೆಯ ಫೋನಿನಲ್ಲಿ ಬೊಮ್ಮಪ್ಪನವರಿಗೆ ಸೋಮವಾರ ಬರಬೇಡಿ, ಹುಡುಗಿ ದಡ ಸೇರಲಿ ಎಂದೆ. ಒಪ್ಪಿದರು. ನಿಮ್ಮಪ್ಪ ಅಂಗಡಿಯಿಂದ ಬಂದ ಕೂಡಲೇ, ಅವರೇ ಮುಂದೆ ಹಾಕಿದರಂತೆ ಎಂದು ಹೇಳಲಿದ್ದೇನೆ. ಅದು ಮಾತ್ರ ನಾನು ಹೋಗದ ಜಾಗಕ್ಕೆ ಬರೆದ ಅಂಕಿ, ಬಹಳ ದಿನ ನಿಲ್ಲುವುದಿಲ್ಲ. ರೇಖಾ, ನಾವೆಲ್ಲ ರಾಯದುರ್ಗದಿಂದ ಮಡಕಶಿರಾದ ತನಕ ಎಲ್ಲರನ್ನೂ ಕೇಳಿದೆವು, ನಿನ್ನೊಬ್ಬಳನ್ನು ಬಿಟ್ಟು. ಈಗ ಕೇಳುತ್ತಿದ್ದೇನೆ. ಹುಡುಗ ಬೇಕಾ? ಕೆಲಸ ಬಿಡುತ್ತೀಯಾ? ಬೇಕಾದರೆ ಬೇಕೆಂದು ಬರಿ, ಬೇಡವಾದರೆ ಬೇಡವೆಂದು ಬರಿ. ಗೊತ್ತಿಲ್ಲದಿದ್ದರೆ ಎಷ್ಟು ಗೊತ್ತಿಲ್ಲ ಎಂಬುದನ್ನು ಬರಿ. ಅದನ್ನೇ ನಿಮ್ಮಪ್ಪನ ಮುಂದೆ ಇಟ್ಟು ಓದುತ್ತೇನೆ, ಈ ಸಲ ಒಂದು ಮಾತೂ ಬಿಡುವುದಿಲ್ಲ.